ಚಾಟಣಿ ಆಗಿ ಎಷ್ಟು ದಿನ? ತಿಕೋಟಾ ಭಾಗದ ದ್ರಾಕ್ಷಿ ಗುಂಪಿನ ಬರಹಗಳು: ಒಂದು ಪ್ರಕರಣ ಅಧ್ಯಯನ

ವಿಜಯಪುರ ಜಿಲ್ಲೆಯ ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರ ಗುಂಪೊಂದನ್ನು ಇಲ್ಲಿ ಎತ್ತಿಕೊಂಡಿದ್ದೇವೆ. ಚಾಟಣಿ ಅಂದರೆ ದ್ರಾಕ್ಷಿ ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸ. ಇಂಥ ಹಲವು ಗುಂಪುಗಳಲ್ಲಿ ಕಾಣುವ ತೊಡಕುಗಳನ್ನು ಒಂದೇ ಗುಂಪಿನ ಹೆಗಲಿಗೆ ಏರಿಸಿ ಬರೆದ ಮಾದರಿ ಪ್ರಕರಣ ಇದು. ಸದಸ್ಯರ ಸಂಖ್ಯೆ, ಪಟ್ಟಿಗಳ ಲೆಕ್ಕ ಇವನ್ನು ತಿಳಿಯಲು ಸುಲಭವಾಗಲೆಂದು ದುಂಡಗೆ ಇಟ್ಟಿದ್ದೇವೆ. ಬೆಳೆಯ ಅಳತೆಗಳು ಮಾತ್ರ ಇರುವಂತೆಯೇ ಇವೆ.

ಸದಸ್ಯರು 300. ಕನಮಡಿ, ಬಿಜ್ಜರಗಿ, ಬಾಬಾನಗರ, ಸೋಮದೇವರಹಟ್ಟಿ, ಘೋಣಸಗಿ ಕಡೆಯವರು. ಬೆಳೆ ಬಹುಪಾಲು ಥಾಮ್ಸನ್ ಸೀಡ್‌ಲೆಸ್ ಮತ್ತು ಅದೇ ಮನೆತನದ ತಾಸ್-ಎ-ಗಣೇಶ್, ಮಾಣಿಕ್ ಚಮನ್, ಸೋನಾಕಾ. ಹೆಚ್ಚಿನ ಮಾಲು ಹಸಿಯಾಗಿ ಪೇಟೆಗೆ ಹೋಗುವುದಿಲ್ಲ, ಶೆಡ್ಡಿಗೆ ಹೋಗಿ ಒಣದ್ರಾಕ್ಷಿಯಾಗುತ್ತದೆ. ಗುಂಪಿಗೆ ಒಂದು ಸಣ್ಣ ಕಚೇರಿ, ಅದಕ್ಕೆ ಅಂಟಿಕೊಂಡಂತೆ ಗೊಬ್ಬರ–ಔಷಧದ ಅಂಗಡಿ. ಕಚೇರಿ ನೋಡಿಕೊಳ್ಳುವ ಹುಡುಗ ಕೃಷಿ ಡಿಪ್ಲೊಮಾ ಓದಿದವನು. ವಾರಕ್ಕೊಂದು ಉಪಯುಕ್ತ ಬರಹ ಬರೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಕು ಎಂಬುದು ಅವನಿಗೆ ವಹಿಸಿದ ಕೆಲಸ.

ಮೊದಲ ಇಪ್ಪತ್ತು ವಾರ ಚೆನ್ನಾಗಿ ನಡೆಯಿತು. ದಾವಣಿ ರೋಗ, ಬೂದಿ ರೋಗ, ಹನಿ ನೀರಾವರಿ, ಮಣ್ಣು ಪರೀಕ್ಷೆ, ಬೋರ್ಡೊ ದ್ರಾವಣ, ಬೆಳೆ ವಿಮೆ, ಹಿಟ್ಟು ತಿಗಣೆ. ಆಮೇಲೆ ವಿಷಯ ತೀರಿತು. ತೀರಿದ ಜಾಗಕ್ಕೆ ನಾಸಿಕ್ ಕಡೆಯ ಮರಾಠಿ ವಿಡಿಯೊಗಳು, ಯೋಜನೆಗಳ ಪೋಸ್ಟರ್‌ಗಳು, ಕೊನೆಗೆ ಶುಭೋದಯದ ಚಿತ್ರಗಳು ಬಂದವು. ಗುಂಪನ್ನು ಮ್ಯೂಟ್ ಮಾಡಿದವರು ಹೆಚ್ಚಿದರು. ಇಷ್ಟಾದರೂ ಅಂಗಡಿಯ ಕಟ್ಟೆಗೆ ಬಂದು ಕೇಳುವ ಪ್ರಶ್ನೆ ಮಾತ್ರ ಕಡಿಮೆಯಾಗಲಿಲ್ಲ. ಆರು ವಾರದ ಹಿಂದೆ ವಿವರವಾಗಿ ಬರೆದಿದ್ದ ಸಂಗತಿಯನ್ನೇ ರೈತ ಮತ್ತೆ ಬಂದು ಕೇಳುತ್ತಾನೆ. ಹುಡುಗ "ಗ್ರೂಪಿನ್ಯಾಗ ಹಾಕೇನಲ್ರಿ ಕಾಕಾ, ಮ್ಯಾಲ ನೋಡ್ರಿ" ಅನ್ನುತ್ತಾನೆ. ಕಾಕಾ ಮೇಲೆ ನೋಡುವುದಿಲ್ಲ. 800 ಮೆಸೇಜಿನ ಆಚೆ ಹೂತುಹೋದ ಬರಹವನ್ನು ಯಾರೂ ಅಗೆಯುವುದಿಲ್ಲ.

ವಿಷಯ ತೀರಿತು ಎಂಬ ದೂರೂ, ಅದೇ ಪ್ರಶ್ನೆ ತಿರುತಿರುಗಿ ಬರುತ್ತದೆ ಎಂಬ ದೂರೂ ಒಂದೇ ಕಚೇರಿಯಿಂದ ಬಂದರೆ ಕೊರತೆ ವಿಷಯದಲ್ಲಿಲ್ಲ, ಹೊತ್ತಿನಲ್ಲಿದೆ.

ಕ್ಯಾಲೆಂಡರ್ ಯಾರದು?

ಬರಹ ಅಕ್ಟೋಬರ್ 10ಕ್ಕೆ ಹೋಯಿತು ಅನ್ನಿ, ವಿಷಯ ದಾವಣಿ. ಸೆಪ್ಟೆಂಬರ್ 25ಕ್ಕೆ ಚಾಟಣಿ ಮಾಡಿದವನ ಪಡ (ದ್ರಾಕ್ಷಿ ತೋಟ) ಅಂದು 15 ದಿನದ್ದು, ಚಿಗುರು ಎಳೆಯದು, ಮೋಡ ಕವಿದಿದೆ. ಅವನಿಗೆ ಅದು ಬೇಕಾದ ಬರಹ. ಅಕ್ಟೋಬರ್ 8ಕ್ಕೆ ಮಾಡಿದವನಿಗೆ ಇನ್ನೂ ಕಣ್ಣು (ಕಡ್ಡಿಯ ಮೊಗ್ಗು) ಒಡೆದಿಲ್ಲ, ಅವನ ತಲೆಯಲ್ಲಿ ಕಣ್ಣು ಒಡೆಸಲು ಹಚ್ಚುವ ಪೇಸ್ಟ್ ಇದೆ, ದಾವಣಿ ಇಲ್ಲ. ನವೆಂಬರ್ 5ಕ್ಕೆ ಮಾಡುವವನು ಇನ್ನೂ ನೀರಿನ ಚಿಂತೆಯಲ್ಲಿದ್ದಾನೆ. ಅದೇ ಬರಹ ಅವನಿಗೆ ಬೇಕಾಗುವುದು ನವೆಂಬರ್ 20ರ ಸುಮಾರಿಗೆ. ಆ ಹೊತ್ತಿಗೆ ಕಚೇರಿಯ ಹುಡುಗ ಬೆಳೆ ವಿಮೆಯ ಮೇಲೆ ಬರೆಯುತ್ತಿರುತ್ತಾನೆ.

ದ್ರಾಕ್ಷಿ ಭಾಗದಲ್ಲಿ ಮಾತು ನಡೆಯುವುದೇ ದಿನದ ಲೆಕ್ಕದಲ್ಲಿ. "ನಮ್ದು ಮೂವತ್ತೆರಡು ದಿನದ ಪಡಾ" ಅನ್ನುತ್ತಾರೆ, ತಾರೀಖು ಹೇಳುವುದಿಲ್ಲ. ಔಷಧ ಅಂಗಡಿಯವನು ಬಾಯಿ ಬಿಟ್ಟರೆ ಮೊದಲ ಪ್ರಶ್ನೆ "ಚಾಟಣಿ ಯಾವಾಗ ಮಾಡೀರಿ?" ಸೊನ್ನೆ ದಿನ ಅಂದರೆ ಚಾಟಣಿ ದಿನ. ಪಡದ ಒಡೆಯ, ಅಂಗಡಿಯವನು, ಸಲಹೆಗಾರ, ಆಳು ಎಲ್ಲರಿಗೂ ಇದು ಬಾಯಿಪಾಠ. ಅವರಿಗಾಗಿ ಬರೆಯುವವನೊಬ್ಬನೇ ಸೋಮವಾರ, ಮಂಗಳವಾರ ಎಂದು ಎಣಿಸುತ್ತ ಕೂತಿದ್ದ.

ಹಾಗಾಗಿ ಇಲ್ಲಿ ಮಾಡಿದ ಮುಖ್ಯ ಬದಲಾವಣೆ ಒಂದೇ: ಪ್ರತಿ ಬರಹಕ್ಕೂ ತಾರೀಖಿನ ಬದಲು ದಿನದ ಗುರುತು. "ಚಾಟಣಿ ಆದ 8ರಿಂದ 12ನೇ ದಿನ" ಎಂದು ಗುರುತು ಬಿದ್ದ ಬರಹ ಒಂದೇ ಹಂಗಾಮಿನಲ್ಲಿ ನಾಲ್ಕು ಸಲ ಹೋಗಬಲ್ಲದು, ಮತ್ತು ನಾಲ್ಕು ಸಲವೂ ಪಡೆದವನಿಗೆ ಅದು ಹೊಸದೇ. ಮುಂದಿನ ವರ್ಷವೂ ಹಾಗೇ. ಬರಹವನ್ನು ಮರುಬಳಕೆ ಮಾಡುವುದೆಂದರೆ ಹಳೆಯದಕ್ಕೆ ಬಣ್ಣ ಬಳಿದು ಕಳಿಸುವುದು ಎಂದು ತಿಳಿದವರು ಬಹಳ. ದ್ರಾಕ್ಷಿಯಂಥ ಬೆಳೆಯಲ್ಲಿ ಬಣ್ಣ ಬಳಿಯುವ ಅಗತ್ಯವೇ ಬೀಳುವುದಿಲ್ಲ.

ಪ್ರಶ್ನೆಗಳನ್ನು ಹಿಡಿದದ್ದು

ವಿಷಯ ಹುಡುಕಲು ಕೂತು ಯೋಚಿಸುವುದನ್ನು ನಿಲ್ಲಿಸಿ, ಅಂಗಡಿಯ ಕಟ್ಟೆಯ ಮೇಲೆ 200 ಪುಟದ ನೋಟ್‌ಬುಕ್ ಇಡಲಾಯಿತು. ನಿಯಮ ಒಂದೇ, ಆದರೆ ಕಟ್ಟುನಿಟ್ಟು: ಕೇಳಿದವನ ಮಾತನ್ನು ಕೇಳಿದ ಹಾಗೆಯೇ ಬರೆಯಬೇಕು. "ದಾವಣಿ ನಿರ್ವಹಣೆ ಕುರಿತು ಮಾಹಿತಿ ಕೇಳಿದರು" ಎಂದು ಬರೆದರೆ ಆ ಸಾಲು ಸತ್ತಂತೆ. "ಎಲಿ ಮ್ಯಾಲ ಎಣ್ಣಿ ಚೆಲ್ಲಿದಂಗ ಆಗೇತ್ರಿ, ಇದು ದಾವಣಿನೋ ಔಷಧ ಸುಟ್ಟಿದ್ದೋ?" ಎಂದು ಬರೆದರೆ ಅದೇ ತಲೆಬರಹ, ಅದೇ ಮೊದಲ ಸಾಲು, ಯಾವ ಫೋಟೊ ಬೇಕು ಎಂಬುದೂ ಅದರಲ್ಲೇ ಇದೆ.

ಪ್ರಶ್ನೆಯ ಪಕ್ಕ ಮೂರು ಗುರುತು. ಚಾಟಣಿ ಆಗಿ ಎಷ್ಟು ದಿನ, ಯಾವ ತಳಿ, ಕೇಳಿದವರು ಯಾರು. ಕೊನೆಯದನ್ನು ಬಿಡುವವರೇ ಹೆಚ್ಚು, ಅದೇ ಹೆಚ್ಚು ಉಪಯೋಗಕ್ಕೆ ಬರುವುದು. ಅದೇ ಪ್ರಶ್ನೆ ಮತ್ತೆ ಬಂದರೆ ಹೊಸ ಸಾಲು ಬೇಡ, ಹಳೆಯ ಸಾಲಿಗೆ ಒಂದು ಗೆರೆ. ಐದು ಗೆರೆ ಬಿದ್ದ ಪ್ರಶ್ನೆಗೆ ಬರಹ ಬೇಕೇ ಬೇಕು. ಒಂದೇ ಗೆರೆಯ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಹೇಳಿದರೆ ಸಾಕು.

ಎರಡನೆಯ ಮೂಲ, ಗುಂಪಿನ ಹಳೆಯ ಮಾತುಕತೆ. ಇಲ್ಲಿ ಹುಡುಕುವಾಗ ಒಂದು ಎಡವಟ್ಟು ಇದೆ. "ದಾವಣಿ" ಎಂದು ಕನ್ನಡದಲ್ಲಿ ಹುಡುಕಿದರೆ ಸಿಗುವುದು ಅರ್ಧ ಮಾತ್ರ. ಉಳಿದವರು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿರುತ್ತಾರೆ, ಕೆಲವರು ಡೌನಿ ಎಂದಿರುತ್ತಾರೆ. ಒಂದು ಮಾತಿಗೆ ಕನಿಷ್ಠ ಮೂರು ಬಗೆಯಲ್ಲಿ ಹುಡುಕಬೇಕು. ಧ್ವನಿ ಸಂದೇಶಗಳು ಅಕ್ಷರದ ಹುಡುಕಾಟಕ್ಕೆ ಸಿಗುವುದಿಲ್ಲ, ಹಿಂದಿನ ಹಂಗಾಮಿನವನ್ನು ಕೂತು ಕೇಳಲೇಬೇಕು. ಬೇಸರದ ಕೆಲಸ. ಆದರೆ ಬರೆಯಲು ಬಾರದವರು, ಬರೆಯಲು ಬಿಡುವಿಲ್ಲದವರು ಕೇಳಿದ್ದೆಲ್ಲ ಅಲ್ಲಿಯೇ ಇದೆ.

ಎರಡು ವಾರದಲ್ಲಿ ಸೇರಿದ ಪ್ರಶ್ನೆಗಳನ್ನು ಚಾಟಣಿಗೆ ಹತ್ತು ದಿನ ಮುಂಚಿನಿಂದ 130ನೇ ದಿನದವರೆಗಿನ ಉದ್ದನೆಯ ಗೆರೆಯ ಮೇಲೆ ಚೀಟಿಗಳಂತೆ ಅಂಟಿಸಲಾಯಿತು. ಗೋಡೆಯೇ ಸಾಕು, ಕಂಪ್ಯೂಟರ್ ಬೇಡ. ಚೀಟಿಗಳು ಎಲ್ಲೆಡೆ ಸಮನಾಗಿ ಬೀಳಲಿಲ್ಲ. ಚಾಟಣಿಗೆ ಮುಂಚಿನ ಹತ್ತು ದಿನದಲ್ಲಿ ಕಣ್ಣು ಪರೀಕ್ಷೆ ಮತ್ತು ಎಲೆ ಉದುರಿಸುವುದು, 0ರಿಂದ 12ರವರೆಗೆ ಪೇಸ್ಟ್ ಮತ್ತು ಕಣ್ಣು ಒಡೆಯುವುದು, 20ರ ಆಸುಪಾಸು ಜಿ.ಎ. (ಗೊನೆ ಉದ್ದವಾಗಲು ಹೊಡೆಯುವ ಜಿಬ್ಬರೆಲಿಕ್ ಆಮ್ಲ), ಹೂವಿನ ಹೊತ್ತಿಗೆ ದಾವಣಿ, ಆಮೇಲೆ ಕೊಯ್ಲಿನ ಹೊತ್ತಿಗೆ ಒಂದು ರಾಶಿ. ನಡುವೆ ಸುಮಾರು 55ರಿಂದ 80ರವರೆಗೆ ಬಹುತೇಕ ಖಾಲಿ.

ಖಾಲಿ ಜಾಗ ಕಂಡರೆ ಅಲ್ಲಿ ಬರೆಯುವುದೇನೂ ಇಲ್ಲ ಎಂದು ಬಿಡಬಾರದು. ಚಳಿ ಬಿದ್ದು ಮಳೆ ನಿಂತ ಆ ಹೊತ್ತಿನಲ್ಲಿ ಬೂದಿ ರೋಗ ಗೊನೆಯೊಳಗೆ ಸದ್ದಿಲ್ಲದೆ ಕೂರುತ್ತದೆ, ಹಿಟ್ಟು ತಿಗಣೆ ಕಾಂಡದ ತೊಗಟೆಯ ಕೆಳಗೆ ಇರುತ್ತದೆ. ಕಾಣದ್ದನ್ನು ಯಾರೂ ಕೇಳುವುದಿಲ್ಲ. ಕೇಳುವ ಹೊತ್ತಿಗೆ ಗೊನೆಯೊಳಗೆ ಬಿಳಿ ಹರಡಿರುತ್ತದೆ. ಗೆರೆಯ ಮೇಲಿನ ಖಾಲಿ ಜಾಗಗಳನ್ನು ತಿಳಿದವರ ಮುಂದಿಟ್ಟು ತುಂಬಿಸಬೇಕು. ಪುಣೆಯ ಮಂಜರಿಯಲ್ಲಿರುವ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದ ಸಲಹೆಗಳು, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದವರು, ಹಿಟ್ನಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರು ಇಲ್ಲಿ ಬೇಕಾಗುತ್ತಾರೆ. ಜನ ಕೇಳಿದ್ದು ಮಾತ್ರ ಬರೆದರೆ ಗುಂಪು ಯಾವಾಗಲೂ ರೋಗದ ಹಿಂದೆಯೇ ಓಡುತ್ತಿರುತ್ತದೆ.

ಒಂದು ಪ್ರಶ್ನೆ, ಮೂರು ಕಿವಿ

ಉದಾಹರಣೆಗೆ ನೋಟ್‌ಬುಕ್ಕಿನ ಒಂದೇ ಸಾಲು: "ಅಣ್ಣಾರ, ಅಲ್ಲಲ್ಲಿ ಕಣ್ಣ ಒಡದಾವ, ಈಗ ಪೇಸ್ಟ್ ಹಚ್ಚಬೇಕೋ ಬ್ಯಾಡೋ?"

ಪಡದ ಒಡೆಯನಿಗೆ ಉತ್ತರ ಸಮಯದ್ದು. ಪೇಸ್ಟಿನಲ್ಲಿರುವ ಹೈಡ್ರೋಜನ್ ಸಯನಮೈಡ್ ಚಾಟಣಿ ಆದ ಒಂದೆರಡು ದಿನದೊಳಗೆ, ಕಣ್ಣು ಇನ್ನೂ ಮಲಗಿದ್ದಾಗ ಹಚ್ಚುವ ವಸ್ತು. ಉಬ್ಬಿದ, ಒಡೆದ ಕಣ್ಣಿಗೆ ತಾಗಿದರೆ ಸುಡುತ್ತದೆ. ಇಷ್ಟು ಹೇಳಿದ ಕೂಡಲೇ ಬೆನ್ನ ಹಿಂದೆ ಇನ್ನೊಂದು ಪ್ರಶ್ನೆ ನಿಂತಿರುತ್ತದೆ: ಹಾಗಾದರೆ ಸಾಲಿನಲ್ಲಿ ಕೆಲವು ಒಡೆದು ಕೆಲವು ಯಾಕೆ ಮಲಗಿವೆ? ಕಡ್ಡಿ ಸರಿಯಾಗಿ ಮಾಗಿರಲಿಲ್ಲವೋ, ದಪ್ಪ–ತೆಳು ಕಡ್ಡಿಗಳಿಗೆ ಒಂದೇ ಬಗೆಯಲ್ಲಿ ಹಚ್ಚಿದರೋ, ನೀರು ಕಡಿಮೆಯಾಯಿತೋ? ಇದು ಬೇರೆಯೇ ಬರಹ, ಮತ್ತು ಅದರ ಬೇರು ಕಡ್ಡಿ ಬೆಳೆಸಲೆಂದು ಮಾಡುವ ಏಪ್ರಿಲ್ ಚಾಟಣಿಯಲ್ಲಿದೆ. ಹಣ್ಣಿನ ಕಣ್ಣು ಕಡ್ಡಿಯೊಳಗೆ ತಯಾರಾಗುವುದು ಏಪ್ರಿಲ್ ಚಾಟಣಿ ಆದ ಸುಮಾರು 40ರಿಂದ 60 ದಿನದ ನಡುವೆ. ಅಕ್ಟೋಬರ್‌ನಲ್ಲಿ ಕೇಳಿದ ಪ್ರಶ್ನೆ ಹೀಗೆ ಮೇ–ಜೂನ್‌ಗೆ ಒಂದು ಬರಹ ಹುಟ್ಟಿಸಿತು. ವಿಷಯ ಹುಡುಕುವವರು ಈ ಹಿಂದೆ ನಡೆಯುವ ದಾರಿಯನ್ನು ಬಳಸುವುದು ಕಡಿಮೆ. ಯಾವ ದೂರು ಬಂದರೂ "ಇದು ತಪ್ಪಿದ್ದು ಯಾವ ದಿನ?" ಎಂದು ಹಿಂದಕ್ಕೆ ಹೋದರೆ ಅಲ್ಲೊಂದು ಬರಹ ಕಾದಿರುತ್ತದೆ.

ಎರಡನೆಯ ಕಿವಿ ಚಾಟಣಿ ಗ್ಯಾಂಗಿನದು. ಪೇಸ್ಟ್ ಹಚ್ಚುವ ಕೈ ಅವರದು, ಒಡೆಯನದಲ್ಲ. ಅವರಿಗೆ ಬೇಕಾದದ್ದು ಬೇರೆ: ರಬ್ಬರಿನ ಕೈಗವಸು, ಮೈ ಮುಚ್ಚುವ ಬಟ್ಟೆ, ಮತ್ತು ಮದ್ಯದ ಮಾತು. ಸಯನಮೈಡ್ ಮೈಗೆ ತಾಗಿದವರು ಕುಡಿದರೆ ಮುಖ ಕೆಂಪೇರಿ, ಎದೆ ಬಡಿತ ಏರಿ, ವಾಂತಿಯಾಗಿ ಆಸ್ಪತ್ರೆ ಸೇರುವ ಸಂಭವವಿದೆ. ಹಿಂದಿನ ದಿನ ಕುಡಿದಿದ್ದರೂ ಅಪಾಯವೇ, ಮುಂದಿನ ಕೆಲವು ದಿನವೂ ಮುಟ್ಟಬಾರದು. ಇದನ್ನು ಎರಡು ಪುಟದ ಬರಹದ ಕೊನೆಯ ಪ್ಯಾರಾದಲ್ಲಿ "ಸುರಕ್ಷತಾ ಕ್ರಮಗಳು" ಎಂದು ಹಾಕಿದರೆ ಒಡೆಯನೇ ಓದುವುದಿಲ್ಲ, ಆಳಿನವರೆಗೆ ಅದು ಹೋಗುವುದಂತೂ ಇಲ್ಲ. ಅದನ್ನೇ 40 ಸೆಕೆಂಡಿನ ಧ್ವನಿಯಾಗಿ, ಗ್ಯಾಂಗಿನ ಮುಂದಾಳಿಗೆ ಹೆಸರು ಹಿಡಿದು, ಕೆಲಸದ ಹಿಂದಿನ ಮಧ್ಯಾಹ್ನ ಕಳಿಸಬೇಕು. ಮಧ್ಯಾಹ್ನ ಏಕೆಂದರೆ ಸಂಜೆಗೆ ತಡ.

ಮೂರನೆಯ ಕಿವಿ ಶೆಡ್ಡಿನಲ್ಲಿ ಗೊನೆ ಹರಡುವ, ಒಣದ್ರಾಕ್ಷಿ ಆರಿಸುವ ಹೆಣ್ಣುಮಕ್ಕಳದು. ಪೇಸ್ಟಿನ ಪ್ರಶ್ನೆಗೂ ಅವರಿಗೂ ಸಂಬಂಧವಿಲ್ಲ. ಆದರೆ ಶೆಡ್ಡಿನ ಮಾತು ಬಂದಾಗ ಬರೆಯಬೇಕಾದದ್ದು ಅವರಿಗೆ, ಒಡೆಯನಿಗಲ್ಲ. "ನಮ್ಮ ಓದುಗರು ರೈತರು" ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ಈ ಇಬ್ಬರೂ ಲೆಕ್ಕದಿಂದ ಜಾರುತ್ತಾರೆ.

ಮೂಲ ಬರಹ: ಕೆಡುವುದು ಬೇರೆ, ಕೆಡದ್ದು ಬೇರೆ

ಪ್ರತಿ ವಿಷಯಕ್ಕೂ ಒಂದು ಮೂಲ ಬರಹ, 500ರಿಂದ 700 ಪದ. ಇದು ಯಾರಿಗೂ ನೇರವಾಗಿ ಹೋಗುವುದಿಲ್ಲ. ಕಣಜದಲ್ಲಿ ಕಾಳು ಇದ್ದಂತೆ, ಬೇಕಾದಾಗ ಬೇಕಾದಷ್ಟು ತೆಗೆಯುವುದು. ತಲೆಯ ಮೇಲೆ ದಿನದ ಗುರುತು, ಯಾವ ಕಿವಿಗೆ ಎಂಬುದು, ಕೇಳಿದವನ ಮಾತಿನ ಪ್ರಶ್ನೆ. ಆಮೇಲೆ ಒಳಗೆ ಎರಡು ಭಾಗ.

ಕೆಡದ ಭಾಗದಲ್ಲಿ ಕಾರಣ ಮತ್ತು ಗುರುತು. ದಾವಣಿಯಾದರೆ ಎಲೆಯ ಮೇಲೆ ಎಣ್ಣೆ ಚುಕ್ಕೆ, ಅದರ ನೇರ ಕೆಳಗೆ ಹಿಂಬದಿಯಲ್ಲಿ ಹತ್ತಿಯಂಥ ಬಿಳಿ. ಬೂದಿ ರೋಗವಾದರೆ ಎಲೆಯ ಎರಡೂ ಬದಿಗೆ, ಕಾಯಿಯ ಮೇಲೂ, ಬೆರಳಿಗೆ ಅಂಟುವ ಬೂದಿ. ಎಲೆ ತೇವವಾಗಿ ಉಳಿದರೆ ದಾವಣಿ, ಒಣ ತಂಪಿನಲ್ಲಿ ಬೂದಿ. ಈ ಮಾತು ಹತ್ತು ವರ್ಷವಾದರೂ ಹೀಗೇ ಇರುತ್ತದೆ. ಎಲೆಯ ಮುಂಬದಿ–ಹಿಂಬದಿಯ ಒಂದು ಜೋಡಿ ಫೋಟೊ ಸ್ಪಷ್ಟವಾಗಿ ತೆಗೆದಿಟ್ಟರೆ ಪ್ರತಿ ಹಂಗಾಮಿಗೂ ಅದೇ ಸಾಕು.

ಕೆಡುವ ಭಾಗದಲ್ಲಿ ಔಷಧದ ಹೆಸರು, ಪ್ರಮಾಣ, ಕೊಯ್ಲಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು, ದರ, ಅರ್ಜಿಯ ಕೊನೆಯ ದಿನ. ಅನುಮತಿಯ ಪಟ್ಟಿ ಬದಲಾಗುತ್ತದೆ, ಲೇಬಲ್ ಬದಲಾಗುತ್ತದೆ, ಹೊರದೇಶಕ್ಕೆ ಕಳಿಸುವವರಿಗೆ ಶೇಷಾಂಶದ ಮಿತಿ ಬದಲಾಗುತ್ತದೆ. ಈ ಭಾಗವನ್ನು ಬೇರೆ ಬಣ್ಣದಲ್ಲಿ ಬರೆದು ಪಕ್ಕದಲ್ಲಿ "ನೋಡಿದ ದಿನ" ಹಾಕಬೇಕು. ನೋಡಿದ ದಿನ ಈ ಹಂಗಾಮಿನದಲ್ಲದಿದ್ದರೆ ಆ ಸಾಲು ಹೊರಗೆ ಹೋಗಕೂಡದು. ಎರಡನ್ನೂ ಬೆರೆಸಿ ಬರೆದವರು ಪ್ರತಿ ವರ್ಷ ಇಡೀ ಬರಹವನ್ನೇ ಹೊಸದಾಗಿ ಬರೆಯಬೇಕಾಗುತ್ತದೆ. ಅದಕ್ಕಿಂತ ಕೆಟ್ಟದ್ದು, ಹಳೆಯದನ್ನೇ ಕಳಿಸಿಬಿಡುವುದು.

ಪ್ರಮಾಣ ಬರೆಯುವಾಗ ಪಿಪಿಎಂ ಎಂದು ನಿಲ್ಲಿಸಿದರೆ ಪ್ರಯೋಜನವಿಲ್ಲ. ರೈತ ಅಳೆಯುವುದು 200 ಲೀಟರ್ ಬ್ಯಾರಲ್ಲಿಗೆ. 10 ಪಿಪಿಎಂ ಅಂದರೆ 100 ಲೀಟರ್‌ಗೆ ಶುದ್ಧ ಜಿ.ಎ. 1 ಗ್ರಾಂ, ಬ್ಯಾರಲ್ಲಿಗೆ 2 ಗ್ರಾಂ. ಇಷ್ಟಕ್ಕೇ ನಿಲ್ಲಿಸಿದರೂ ತಪ್ಪೇ. ಶೇಕಡಾ 40ರ ಜಿ.ಎ. ತಂದವನಿಗೆ ಅದೇ 10 ಪಿಪಿಎಂಗೆ ಬ್ಯಾರಲ್ಲಿಗೆ 5 ಗ್ರಾಂ ಬೇಕು. "ಬ್ಯಾರಲ್ಲಿಗೆ 2 ಗ್ರಾಂ" ಎಂದು ಹೋದ ಸಂದೇಶ ಓದಿ ಅವನು 2 ಗ್ರಾಂ ಹಾಕಿದರೆ ಸಿಕ್ಕಿದ್ದು 4 ಪಿಪಿಎಂ, ಗೊನೆ ಉದ್ದವಾಗಲಿಲ್ಲ ಎಂಬ ದೂರು ಹದಿನೈದು ದಿನಕ್ಕೆ ಕಟ್ಟೆಗೆ ಬರುತ್ತದೆ. ಡಬ್ಬಿಯ ಮೇಲಿನ ಶೇಕಡಾವಾರನ್ನು ಮೊದಲು ಓದಿಸಿ ಆಮೇಲೆ ಗ್ರಾಂ ಹೇಳುವುದು ಇದರ ಪರಿಹಾರ.

ಪಟ್ಟಿಗಳು ಮತ್ತು ಶೀಟು

300 ಜನರಿಗೂ ಒಂದೇ ಪ್ರಶ್ನೆ ಕಳಿಸಿ ಚಾಟಣಿ ತಾರೀಖು ಪಡೆದು ನಾಲ್ಕು ಪಟ್ಟಿ ಮಾಡಲಾಯಿತು. ಸೆಪ್ಟೆಂಬರ್ ಕೊನೆಯವರು 40, ಅಕ್ಟೋಬರ್ 1ರಿಂದ 10ರವರು 95, 11ರಿಂದ 20ರವರು 105, ಅದರಾಚೆ 60. ಎರಡು ಪ್ಲಾಟು ಇದ್ದು ಬೇರೆ ಬೇರೆ ದಿನ ಮಾಡಿದವರ ನಂಬರು ಎರಡೂ ಪಟ್ಟಿಯಲ್ಲಿ ಇರಲಿ, ಅಂಥವರನ್ನು ಹೆಚ್ಚು ಪ್ರದೇಶವಿರುವ ಪ್ಲಾಟಿನ ಪಟ್ಟಿಯಲ್ಲಿ ಎಣಿಸಿದೆ. ವಾಟ್ಸ್ಆ್ಯಪ್ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ, ನಾಲ್ಕೂ ಅದರೊಳಗೆ ಬರುತ್ತವೆ. ಗುಂಪನ್ನು ಮುಚ್ಚಲಿಲ್ಲ. ಅದು ಮಾತಿಗೆ, ಪಟ್ಟಿಗಳು ಬರಹಕ್ಕೆ.

ಚಾಟಣಿಗೆ ಮುಂಚಿನಿಂದ ಕೊಯ್ಲಿನವರೆಗೆ 14 ಬರಹ. ನಾಲ್ಕು ಪಟ್ಟಿಗೆ ಹೋದಾಗ 56 ರವಾನೆ. ಬರೆದದ್ದು 14 ಮಾತ್ರ, ಹಳೆಯ ಪದ್ಧತಿಯಲ್ಲಿ ಇಪ್ಪತ್ತಕ್ಕೇ ಸುಸ್ತಾಗಿದ್ದ ಕೈಗೆ ಇದು ಭಾರವಲ್ಲ.

ಲೆಕ್ಕದ ಶೀಟಿನಲ್ಲಿ (ಸ್ಪ್ರೆಡ್‌ಶೀಟ್) ಒಂದು ಕಾಲಮ್ಮಿಗೆ ಪಟ್ಟಿಯ ನಡುದಿನ, ಪಕ್ಕಕ್ಕೆ ಬರಹದ ದಿನ ಸಂಖ್ಯೆ, ಮೂರನೆಯದರಲ್ಲಿ ಎರಡರ ಮೊತ್ತ. ತಾರೀಖಿಗೆ 20 ಕೂಡಿಸಿದರೆ ಶೀಟೇ ಕಳಿಸುವ ತಾರೀಖು ಹೇಳುತ್ತದೆ. ಸರಳವಾಗಿ ಕಂಡ ಈ ಜಾಗದಲ್ಲಿಯೇ ದೊಡ್ಡ ಎಡವಟ್ಟು ಕಾದಿರುತ್ತದೆ. ಶೀಟಿನ ಲೊಕೇಲ್, ಅಂದರೆ ಯಾವ ದೇಶದ ರೂಢಿ ಎಂಬ ಸೆಟ್ಟಿಂಗ್, ಅಮೆರಿಕದ್ದಾಗಿದ್ದರೆ 8/10 ಎಂದು ಹೊಡೆದದ್ದು ಅಕ್ಟೋಬರ್ 8 ಆಗುವುದಿಲ್ಲ, ಆಗಸ್ಟ್ 10 ಆಗುತ್ತದೆ. 20 ಕೂಡಿಸಿದರೆ ಆಗಸ್ಟ್ 30. ಇತ್ತ 15/10 ಎಂದು ಹೊಡೆದರೆ ಹದಿನೈದನೆಯ ತಿಂಗಳು ಇಲ್ಲದ್ದರಿಂದ ಅದು ತಾರೀಖೇ ಅಲ್ಲ, ಬರೀ ಅಕ್ಷರವೆಂದು ಕೂರುತ್ತದೆ, ಕೂಡಿಸಿದಾಗ ತಪ್ಪು ತೋರಿಸುತ್ತದೆ. ತಪ್ಪು ತೋರಿಸಿದ್ದನ್ನು ತಿದ್ದುತ್ತಾರೆ. ಸದ್ದಿಲ್ಲದೆ ತಪ್ಪಿದ್ದು ಹಾಗೇ ಹೋಗುತ್ತದೆ. ಶೀಟಿನ ಸೆಟ್ಟಿಂಗ್ಸ್‌ನಲ್ಲಿ ಲೊಕೇಲನ್ನು ಇಂಡಿಯಾ ಮಾಡಿ, ಆಮೇಲೆ ಹಳೆಯ ತಾರೀಖುಗಳನ್ನು ಮತ್ತೆ ಹೊಡೆಯಬೇಕು. ಸರಿಯಾದ ತಾರೀಖು ಕೋಶದ ಬಲಕ್ಕೆ ಕೂರುತ್ತದೆ, ಅಕ್ಷರವಾದದ್ದು ಎಡಕ್ಕೆ. ತಿಂಗಳನ್ನು ಅಕ್ಷರದಲ್ಲಿ ತೋರಿಸುವಂತೆ ಮಾಡಿಟ್ಟರೆ ಕಣ್ಣಿಗೇ ಗೊತ್ತಾಗುತ್ತದೆ.

ಇನ್ನೊಂದು ಎಡವಟ್ಟು ಬ್ರಾಡ್‌ಕಾಸ್ಟಿನದು. ಕಳಿಸುವವನ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಳ್ಳದವರಿಗೆ ಬ್ರಾಡ್‌ಕಾಸ್ಟ್ ಮುಟ್ಟುವುದೇ ಇಲ್ಲ, ಕಳಿಸಿದವನಿಗೆ ಕಳಿಸಿದಂತೆ ಕಾಣುತ್ತಿರುತ್ತದೆ. ಅಂಗಡಿಗೆ ಬಂದಾಗ ಅವರ ಫೋನು ಕೈಗೆ ತೆಗೆದುಕೊಂಡು ಸೇವ್ ಮಾಡಿಕೊಡುವುದೇ ಖಾತ್ರಿ ದಾರಿ. "ಸೇವ್ ಮಾಡಿಕೊಳ್ಳಿ" ಎಂದು ಅದೇ ಬ್ರಾಡ್‌ಕಾಸ್ಟಿನಲ್ಲಿ ಕಳಿಸುವುದು, ಬಾರದವರ ಹಾಜರಿ ಕರೆದಂತೆ.

ನಾಲ್ಕು ಪಟ್ಟಿಯ ಇನ್ನೊಂದು ಲಾಭ ಮೊದಲೇ ಹೊಳೆದಿರಲಿಲ್ಲ. ಸೆಪ್ಟೆಂಬರ್‌ನ 40 ಜನರಿಗೆ ಬರಹ ಮೊದಲು ಹೋಗುತ್ತದೆ. ಹೋದ ಎರಡು ದಿನದಲ್ಲಿ ಅವರಿಂದ ಬರುವ ಮರುಪ್ರಶ್ನೆಗಳೇ ಬರಹದ ತೂತುಗಳು. ಮೇಲೆ ಹೇಳಿದ ಜಿ.ಎ. ಶೇಕಡಾವಾರಿನ ಗೊಂದಲ ಮೊದಲ ಪಟ್ಟಿಯಲ್ಲಿ ಬಯಲಾದರೆ ಎರಡನೆಯ ಪಟ್ಟಿಗೆ ಹೋಗುವ ಮುನ್ನ ತಿದ್ದಲು ಸುಮಾರು ಹತ್ತು ದಿನ ಸಿಗುತ್ತದೆ. ತಿದ್ದಿದ್ದನ್ನು ಮೊದಲ ಪಟ್ಟಿಗೂ ಕಳಿಸಬೇಕು, ಅದನ್ನು ಮರೆಯುವವರೇ ಹೆಚ್ಚು.

ರೂಪ ಬದಲಿಸುವಾಗ

ಮೂಲ ಬರಹದಿಂದ ಧ್ವನಿ ಸಂದೇಶ, ಒಂದು ಚಿತ್ರಪಟ, ಅಂಗಡಿಯ ಬಾಗಿಲಿಗೆ ಅಂಟಿಸುವ ಎ4 ಹಾಳೆ, ಒಂದು ನಿಮಿಷದ ನಿಂತ ವಿಡಿಯೊ. ಎಲ್ಲಕ್ಕೂ ಎಲ್ಲ ರೂಪ ಬೇಡ. ಕಣ್ಣಿನಿಂದ ಗುರುತಿಸುವುದಾದರೆ ಫೋಟೊ, ಕೈಯ ಕೆಲಸವಾದರೆ ವಿಡಿಯೊ, ಕಾರಣವಾದರೆ ಧ್ವನಿ, ಅಳತೆಯಾದರೆ ಅಕ್ಷರ. ಕಡೆಯದು ಕಲಿಯಲು ಸ್ವಲ್ಪ ಬೆಲೆ ತೆರಬೇಕಾಗುತ್ತದೆ.

ಒಣದ್ರಾಕ್ಷಿಯ ಅದ್ದುವ ದ್ರಾವಣಕ್ಕೆ 100 ಲೀಟರ್ ನೀರಿಗೆ ಪೊಟ್ಯಾಶಿಯಂ ಕಾರ್ಬೊನೇಟ್ 2.5 ಕಿಲೋ, ಡಿಪ್ಪಿಂಗ್ ಆಯಿಲ್ 1.5 ಲೀಟರ್. ಧ್ವನಿಯಲ್ಲಿ "ಎರಡೂವರೆ, ಒಂದೂವರೆ" ಎಂದು ಹೇಳಿದರೆ ಟ್ರ್ಯಾಕ್ಟರ್ ಸದ್ದಿನಲ್ಲಿ ಕೇಳಿದವನು ಅದಲುಬದಲು ಮಾಡುತ್ತಾನೆ. "ಊವರೆ" ಎರಡಕ್ಕೂ ಇದೆ, ಕಿವಿಯಲ್ಲಿ ಉಳಿಯುವುದು ಅದೇ. ಅಳತೆಯನ್ನು ಧ್ವನಿಯಲ್ಲಿ ಹೇಳಲೇಬೇಕಾದರೆ ವಸ್ತು ಮೊದಲು, ಅಳತೆ ಆಮೇಲೆ, ಎರಡು ಸಲ: ಪುಡಿ ಎರಡೂವರೆ ಕಿಲೋ, ಎಣ್ಣಿ ಒಂದೂವರೆ ಲೀಟರ್. ಜೊತೆಗೆ ಅಕ್ಷರದ ಕಾರ್ಡು ಹೋಗಲೇಬೇಕು.

ಧ್ವನಿ 90 ಸೆಕೆಂಡು ಮೀರಬಾರದು, ಅಂದರೆ ಬರೆದಿಟ್ಟುಕೊಂಡರೆ 150 ಪದದ ಸುಮಾರು. "ನಮಸ್ಕಾರ ರೈತ ಬಾಂಧವರೇ" ಎಂದು ಶುರು ಮಾಡಿದರೆ ಹತ್ತು ಸೆಕೆಂಡು ಹೋಯಿತು. "ಚಾಟಣಿ ಮಾಡಿ ಹತ್ತ ದಿನ ಆದವ್ರಿಗೆ ಇದು" ಎಂದು ಶುರು ಮಾಡಿದರೆ ಕೇಳಬೇಕಾದವನು ನಿಲ್ಲುತ್ತಾನೆ, ಉಳಿದವನು ಮುಂದೆ ಹೋಗುತ್ತಾನೆ. ಇಬ್ಬರಿಗೂ ಒಳ್ಳೆಯದು.

ಚಿತ್ರಪಟದಲ್ಲಿ 25 ಪದಕ್ಕಿಂತ ಹೆಚ್ಚು ಹಾಕಬಾರದು. ವಾಟ್ಸ್ಆ್ಯಪ್ ಚಿತ್ರವನ್ನು ಹಿಂಡುತ್ತದೆ, ಸಣ್ಣ ಅಕ್ಷರ ಮಸಕಾಗುತ್ತದೆ. ಚಿತ್ರದೊಳಗಿನ ಅಕ್ಷರ ಮಾಮೂಲಿ ಹುಡುಕಾಟಕ್ಕೆ ಸಿಗುವುದಿಲ್ಲವಾದ್ದರಿಂದ ಕೆಳಗೆ ಒಂದು ಸಾಲು ಟೈಪ್ ಮಾಡಬೇಕು, ಅದರಲ್ಲಿ ರೋಗದ ಹೆಸರೂ ದಿನವೂ ಇರಲಿ.

ದಿನದ ಗುರುತು ಮತ್ತು ಹಂಗಾಮಿನ ವರ್ಷ ಚಿತ್ರದ ಒಳಗೇ ಅಚ್ಚಾಗಿರಬೇಕು, ಕೆಳಗಿನ ಸಾಲಿನಲ್ಲಿ ಮಾತ್ರ ಇದ್ದರೆ ಸಾಲದು. ಕಾರಣ ಫಾರ್ವರ್ಡ್. ಅಥಣಿ ತಾಲ್ಲೂಕಿನ ತೆಲಸಂಗಕ್ಕೋ ಜಮಖಂಡಿ ಕಡೆಯ ಸಾವಳಗಿಗೋ ಹೋದ ಚಿತ್ರ ಮೂರು ತಿಂಗಳ ಮೇಲೆ ಬೇರೆಯವರ ಗುಂಪಿನಿಂದ ತಿರುಗಿ ಬರುತ್ತದೆ, ಕೆಳಗಿನ ಸಾಲು ಎಲ್ಲೋ ಉದುರಿರುತ್ತದೆ. ಪೇಸ್ಟ್ ಹಚ್ಚುವ ಚಿತ್ರ ಕಣ್ಣು ಒಡೆದ ಪಡದವನ ಕೈಗೆ ಸಿಗುವುದು ಹೀಗೆ.

ನಾಸಿಕ್ ವಿಡಿಯೊಗಳ ಮಾತು. ಅವು ಕೆಟ್ಟವಲ್ಲ, ಆದರೆ ಅಲ್ಲಿನ ಹೆಚ್ಚಿನವು ತಿನ್ನುವ ದ್ರಾಕ್ಷಿಗೆ, ರಫ್ತಿಗೆ. ದಪ್ಪ ಕಾಯಿಗೆಂದು ಜಿ.ಎ. ಅದ್ದುವ ಕ್ರಮವನ್ನು ಶೆಡ್ಡಿಗೆ ಹೋಗುವ ಮಾಲಿಗೆ ಹಾಗೇ ಬಳಸಿದರೆ ಖರ್ಚು ಏರುತ್ತದೆ, ಕಾಯಿಯಲ್ಲಿ ನೀರು ಹೆಚ್ಚುತ್ತದೆ, ಸಕ್ಕರೆ ಏರುವುದು ನಿಧಾನವಾಗುತ್ತದೆ.

ಶೆಡ್ಡಿಗೆ ಬೇರೆ ಗಡಿಯಾರ

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಚಾಟಣಿ ದಿನದ ಲೆಕ್ಕ ನಿಲ್ಲುತ್ತದೆ. ಶೆಡ್ಡಿನಲ್ಲಿ ಸೊನ್ನೆ ದಿನ ಅಂದರೆ ಅದ್ದಿದ ದಿನ. ಅಲ್ಲಿಂದ ಸುಮಾರು 12–15 ದಿನ, ತೇವ ಶೇಕಡಾ 15ರ ಸುಮಾರಿಗೆ ಇಳಿಯುವ ತನಕ. ಪಟ್ಟಿಗಳನ್ನು ಇಲ್ಲಿ ಮಾಡಲಾಗುವುದಿಲ್ಲ, ಒಬ್ಬನೇ ಮೂರು ನಾಲ್ಕು ಕಂತಿನಲ್ಲಿ ಅದ್ದುತ್ತಾನೆ. ಆದ್ದರಿಂದ ಬರಹ ಕಳಿಸುವ ಬದಲು ಶೆಡ್ಡಿನ ಕಂಬಕ್ಕೇ ಅಂಟಿಸುವ ಹಾಳೆ: ಪ್ಲಾಸ್ಟಿಕ್ ಹೊದಿಸಿದ್ದು, ದೊಡ್ಡ ಅಕ್ಷರ, ಆರಿಸುವ ಹೆಣ್ಣುಮಕ್ಕಳಿಗೆ ಕಾಣುವ ಎತ್ತರದಲ್ಲಿ. ಒಣದ್ರಾಕ್ಷಿ ಕಪ್ಪಾಗಲು ಕಾರಣಗಳು ಅದರಲ್ಲಿ ಇರುತ್ತವೆ: ಕೊಯ್ದು ಅದ್ದುವುದು ತಡವಾದದ್ದು, ರ್‍ಯಾಕಿನಲ್ಲಿ ದಪ್ಪಗೆ ಹರಡಿದ್ದು, ನೇರ ಬಿಸಿಲು, ಮೋಡ–ಮಳೆಯ ತೇವ. ಇದು ವರ್ಷಗಟ್ಟಲೆ ಬಾಳುವ ಹಾಳೆ.

ಒಡೆಯನಿಗೆ ಹೋಗುವುದು ಒಂದು ಲೆಕ್ಕ. ಸಕ್ಕರೆ 20 ಬ್ರಿಕ್ಸ್ (ರಸದಲ್ಲಿ ಶೇಕಡಾ 20ರ ಸುಮಾರು) ಇದ್ದಾಗ ಕೊಯ್ದ 100 ಕಿಲೋ ಹಣ್ಣಿನಲ್ಲಿ ಒಣ ಅಂಶ ಸುಮಾರು 20 ಕಿಲೋ. ಶೇಕಡಾ 15 ತೇವ ಸೇರಿಸಿದರೆ ಒಣದ್ರಾಕ್ಷಿ 23.5 ಕಿಲೋ. ಅದೇ 23 ಬ್ರಿಕ್ಸ್‌ನಲ್ಲಿ ಕೊಯ್ದರೆ 27 ಕಿಲೋ. ಕ್ವಿಂಟಲ್ ಹಣ್ಣಿಗೆ ಮೂರೂವರೆ ಕಿಲೋ ವ್ಯತ್ಯಾಸ. "ಬ್ರಿಕ್ಸ್ 22 ದಾಟಿದ ಮೇಲೆ ಕೊಯ್ಯಿರಿ" ಎಂದು ಹತ್ತು ಸಲ ಬರೆದದ್ದು ಮಾಡದ ಕೆಲಸವನ್ನು ಈ ಲೆಕ್ಕ ಒಂದು ಸಲಕ್ಕೆ ಮಾಡುತ್ತದೆ. ಏಕೆಂದರೆ ಗುಣಾಕಾರವನ್ನು ರೈತನೇ ಆ ದಿನದ ದರ ಹಿಡಿದು ಮಾಡಿಕೊಳ್ಳುತ್ತಾನೆ. ದರವನ್ನು ಬರಹದೊಳಗೆ ಹಾಕದಿರುವುದು ಬೇಕೆಂದೇ: ವಿಜಯಪುರ ಎಪಿಎಂಸಿ, ಸಾಂಗ್ಲಿ, ತಾಸಗಾಂವ ಪೇಟೆಗಳ ದರ ನಾಳೆಗೆ ಹಳತು, ಲೆಕ್ಕ ಹಳತಾಗುವುದಿಲ್ಲ.

ವಿಮೆಯ ಕಂತು, ಸಾಲದ ನವೀಕರಣ, ಪೇಟೆಯ ಸುದ್ದಿ ಇವಕ್ಕೆ ಮಾತ್ರ ಮಾಮೂಲಿ ಕ್ಯಾಲೆಂಡರ್. ಅವನ್ನು ಮರುಬಳಸುವ ಆಸೆ ಬೇಡ, ಪ್ರತಿ ಸಲ ಹೊಸದಾಗಿ ಬರೆದು ಮುಗಿದ ಮೇಲೆ ಅಳಿಸುವುದು.

ಏನನ್ನು ಎಣಿಸಬೇಕು

ಹೆಬ್ಬೆರಳು, ಕೈಮುಗಿದ ಗುರುತುಗಳನ್ನು ಎಣಿಸಿ ಪ್ರಯೋಜನವಿಲ್ಲ. ಕಳಿಸಿದ ಸಂದೇಶವನ್ನು ಒತ್ತಿ ಹಿಡಿದು ಇನ್ಫೋ ನೋಡಿದರೆ ಯಾರಿಗೆ ಮುಟ್ಟಿತು ಎಂಬುದು ಕಾಣುತ್ತದೆ. ಮುಟ್ಟದವರ ಹೆಸರು ಬರೆದುಕೊಂಡರೆ ಸೇವ್ ಮಾಡದವರ ಪಟ್ಟಿ ಬಹುಮಟ್ಟಿಗೆ ಸಿಕ್ಕಂತೆ. ಓದಿದವರ ಲೆಕ್ಕ ಪೂರ್ತಿ ನಂಬುವಂಥದ್ದಲ್ಲ, ಓದಿದ್ದನ್ನು ತೋರಿಸುವ ನೀಲಿ ಗುರುತನ್ನು ಆಫ್ ಮಾಡಿಟ್ಟವರು ಓದಿದರೂ ಕಾಣುವುದಿಲ್ಲ.

ನಂಬಬಹುದಾದ ಅಳತೆ ನೋಟ್‌ಬುಕ್ಕೇ. ಬರಹ ಹೋದ ಮೇಲೆ ಅದೇ ಪ್ರಶ್ನೆಗೆ ಕಟ್ಟೆಯಲ್ಲಿ ಹೊಸ ಗೆರೆ ಬೀಳುತ್ತಿದೆಯೇ? ಬೀಳುತ್ತಿದ್ದರೆ ಕೇಳಿದವನ ಫೋನು ನೋಡಬೇಕು. ಮುಟ್ಟಿಲ್ಲವಾದರೆ ಪಟ್ಟಿಯ ತಪ್ಪು. ಮುಟ್ಟಿ, ತೆರೆದು, ಆದರೂ ಕೇಳುತ್ತಿದ್ದರೆ ಬರಹದ ತಪ್ಪು. ಪ್ರಶ್ನೆ ನಿಂತು ಅದರ ಮುಂದಿನ ಪ್ರಶ್ನೆ ಬರತೊಡಗಿದರೆ, ಅಂದರೆ "ದಾವಣಿನೋ ಅಲ್ಲೋ" ಹೋಗಿ "ದಾವಣಿ ಬಂದ ಎಲಿ ಹರದು ಹಾಕಬೇಕೇನ್ರಿ" ಬಂದರೆ, ಬರಹ ಕೆಲಸ ಮಾಡಿದೆ, ಹೊಸ ವಿಷಯವೂ ಸಿಕ್ಕಿದೆ.

ಕೆಲಸದ ಹೊತ್ತು ಹೀಗೆ ಬೀಳುತ್ತದೆ: ಮೂಲ ಬರಹಕ್ಕೆ ಅರ್ಧ ದಿನ, ತಿಳಿದವರಿಗೆ ತೋರಿಸಿ ತಿದ್ದಲು ಇನ್ನೆರಡು ದಿನ ಕಾಯುವುದು, ರೂಪಗಳಿಗೆ ಎರಡು ಗಂಟೆ. ಮೊದಲ ವರ್ಷ ಇದು ಹಳೆಯ ಪದ್ಧತಿಗಿಂತ ಹೆಚ್ಚೇ ದುಡಿಮೆ. ಎರಡನೆಯ ವರ್ಷ ಕೆಡುವ ಭಾಗಗಳನ್ನು ನೋಡುವುದು, ಹೊಸ ಗೆರೆಗಳಿಗೆ ನಾಲ್ಕೈದು ಬರಹ ಸೇರಿಸುವುದು ಮಾತ್ರ ಉಳಿಯುತ್ತದೆ.

ಆ ನೋಡುವ ಕೆಲಸಕ್ಕೆ ಹೊತ್ತು ಜುಲೈ–ಆಗಸ್ಟ್. ಶೆಡ್ಡಿನ ಗಲಾಟೆ ಮುಗಿದಿರುತ್ತದೆ, ಕಡ್ಡಿ ಮಾಗುತ್ತಿರುತ್ತದೆ, ಕಟ್ಟೆಗೆ ಬರುವವರು ಕಡಿಮೆ. ಬಣ್ಣ ಹಾಕಿದ ಪ್ರತಿ ಸಾಲನ್ನೂ ಆ ವರ್ಷದ ಲೇಬಲ್ಲು ಮತ್ತು ಮಂಜರಿಯ ಪಟ್ಟಿಯ ಪಕ್ಕ ಇಟ್ಟು ನೋಡಿ ತಾರೀಖು ಹಾಕುವುದು, ಎರಡು ಹಂಗಾಮು ಯಾರೂ ಕೇಳದ ಬರಹವನ್ನು ಬೇರೆ ಕಡತಕ್ಕೆ ಸರಿಸುವುದು, ಹಳೆಯ ಪಟ್ಟಿಗಳನ್ನು ಒಡೆದು ಹಾಕುವುದು. ಕಳೆದ ವರ್ಷ ಸೆಪ್ಟೆಂಬರ್‌ನಲ್ಲಿ ಮಾಡಿದವನು ಈ ವರ್ಷ ಮಳೆ ನೋಡಿ ಅಕ್ಟೋಬರ್‌ಗೆ ಹೋಗಿರಬಹುದು. ಸೆಪ್ಟೆಂಬರ್ ಮೊದಲ ವಾರ 300 ಫೋನಿಗೂ ಅದೇ ಒಂದು ಸಾಲು ಹೋಗುತ್ತದೆ: "ಈ ಸಲ ಚಾಟಣಿ ಯಾವಾಗ್ರಿ? ಎಷ್ಟು ಪ್ಲಾಟು?"